ಬ್ರೇಕ್ ಒತ್ತಿದರೆ ಕುರ್ಚಿ ಹಿಂದಕ್ಕೆ ಹೋಗುತ್ತದೆ

ಕಾರ್ ರೇಸ್ ಗೇಮ್ ಆಡುವವರು ಹೊಸಬರೋ ಹಳಬರೋ ಎಂದು ತಿಳಿಯಲು ಟಿವಿ ನೋಡಬೇಕಾಗಿಲ್ಲ, ಅವರ ಕೈ ನೋಡಿದರೆ ಸಾಕು. ಬಲಗೈ ತೋರುಬೆರಳು ಕಂಟ್ರೋಲರಿನ ಆರ್2 ಗುಂಡಿಯನ್ನು ಅದುಮಿ ಅದುಮಿ ಬಿಳಿಚಿಕೊಂಡಿದ್ದು, ಎಡಗೈ ತೋರುಬೆರಳು ಎಲ್2 ಮೇಲೆ ಊಟವಾದ ಮೇಲಿನ ಭಾನುವಾರದಂತೆ ಬಿದ್ದುಕೊಂಡಿದ್ದರೆ ಹೊಸಬರು. ಆರ್2 ಎಂದರೆ ಆಕ್ಸಿಲರೇಟರ್, ಎಲ್2 ಎಂದರೆ ಬ್ರೇಕು. "ರೇಸ್ ಅಂದ್ಮೇಲೆ ಬ್ರೇಕ್ ಯಾಕೆ?" ಎಂಬ ಅವರ ಪ್ರಶ್ನೆಗೆ ಮೊದಲ ತಿರುವೇ ಉತ್ತರ ಕೊಡುತ್ತದೆ. ರಸ್ತೆ ಬಲಕ್ಕೆ ಹೋಗುತ್ತದೆ, ಕಾರು ನೇರವಾಗಿ ಜಲ್ಲಿಗೆ ಹೋಗುತ್ತದೆ.

ಟಿವಿಗೆ ಜೋಡಿಸಿ ಆಡುವ ಪ್ಲೇಸ್ಟೇಷನ್ ಕನ್ಸೋಲಿನ ಗ್ರಾನ್ ಟುರಿಸ್ಮೊ ಎಂಬ ರೇಸ್ ಗೇಮ್ ಮಾಡಿದವರಿಗೆ ಈ ಸ್ವಭಾವ ಮೊದಲೇ ಗೊತ್ತಿತ್ತು. 1997ರಲ್ಲಿ ಬಂದ ಮೊದಲ ಗೇಮಿನಲ್ಲೇ ಕಝುನೊರಿ ಯಮಾವುಚಿ ಮತ್ತು ತಂಡದವರು ಲೈಸೆನ್ಸ್ ಪರೀಕ್ಷೆ ಇಟ್ಟಿದ್ದರು. 2022ರ ಗ್ರಾನ್ ಟುರಿಸ್ಮೊ 7ರಲ್ಲಿ ಐದು ಲೈಸೆನ್ಸು, ಒಂದೊಂದಕ್ಕೆ ಹತ್ತು ಪರೀಕ್ಷೆ. ಮೊಟ್ಟಮೊದಲನೆಯದರ ಹೆಸರು ಬಿ-1. ಅದರಲ್ಲಿ ಮಾಡಬೇಕಾದ್ದು ಇಷ್ಟೇ: ಹೊರಡಬೇಕು, ಗುರುತು ಹಾಕಿದ ಜಾಗದಲ್ಲಿ ನಿಲ್ಲಬೇಕು. ತಿರುವಿಲ್ಲ, ಎದುರಾಳಿಯಿಲ್ಲ, ಅಡ್ಡ ಬರುವ ಹಸುವಂತೂ ಇಲ್ಲವೇ ಇಲ್ಲ. ಆದರೂ ಜನ ಫೇಲಾಗುತ್ತಾರೆ. ಬೇಗ ಬ್ರೇಕ್ ಹಾಕಿದರೆ ಸಮಯ ಹೆಚ್ಚಾಗಿ ಕಂಚು, ತಡ ಮಾಡಿದರೆ ಗೆರೆ ದಾಟಿ ಸೊನ್ನೆ. ಕೊನೆಯ ಕ್ಷಣದವರೆಗೂ ಆರ್2 ಪೂರ್ತಿ ಒತ್ತಿ, ಆಮೇಲೆ ಒಂದೇ ಸಲ ಎಲ್2 ಪೂರ್ತಿ ಒತ್ತಿದವರಿಗೆ ಮಾತ್ರ ಚಿನ್ನ. ನಮ್ಮ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಾದರೆ ಪಕ್ಕದಲ್ಲಿ ಕೂತ ಮೇಷ್ಟ್ರ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದೆ. ಇಲ್ಲಿ ಆ ಪುಣ್ಯಾತ್ಮನಿಲ್ಲ.

ಇನ್ನು ಕಾರು. ಫೆರಾರಿ ಕನಸು ಕಂಡು ಬಂದವರನ್ನು ಗೇಮು ಮೊದಲು ಸೆಕೆಂಡ್ ಹ್ಯಾಂಡ್ ಅಂಗಡಿಗೆ ಕಳಿಸುತ್ತದೆ. ಅಲ್ಲಿ ಸಿಗುವುದು ಟೊಯೊಟಾ ಆಕ್ವಾ, ಮಜ್ದಾ ಡೆಮಿಯೊ ಅಥವಾ ಹೋಂಡಾ ಫಿಟ್. ಫಿಟ್ ಎಂದರೆ ನಮ್ಮಲ್ಲಿ ಜಾಝ್ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿದ್ದ, ಎದುರುಮನೆ ಅಂಕಲ್ ಸೊಪ್ಪು ತರಲು ತೆಗೆದುಕೊಂಡು ಹೋಗುವ ಅದೇ ಕಾರು. ಬೇಸರ ಪಡಬೇಡಿ. ಜಪಾನಿನ ಕಾರಾದ್ದರಿಂದ ಸ್ಟೀರಿಂಗು ನಮ್ಮಂತೆ ಬಲಗಡೆಗಿದೆ, ಒಳಗಿನಿಂದ ನೋಡುವ ಕ್ಯಾಮೆರಾ ಇಟ್ಟುಕೊಂಡರೆ ಅಂದಾಜು ತಪ್ಪುವುದಿಲ್ಲ. ಮುಂದೆ ಯುರೋಪಿನ ಕಾರು ಸಿಕ್ಕಿ ಎಡಕ್ಕೆ ಕೂತಾಗ ನೋಡಿ: ಬಲಗಡೆ ಇನ್ನೂ ಒಂದು ಮೀಟರಿನಷ್ಟು ಕಾರಿದೆ ಎನ್ನುವುದು ಗೋಡೆಗೆ ತಾಗಿದ ಮೇಲೆಯೇ ನೆನಪಾಗುವುದು.

ಬ್ರೇಕಿನ ಲೆಕ್ಕ ಮೋಸದ್ದು. ಒಳ್ಳೆ ಟೈರು, ಒಣಗಿದ ರಸ್ತೆ ಇದ್ದರೆ ಸಾಧಾರಣ ಕಾರೊಂದು ಗಂಟೆಗೆ 100 ಕಿ.ಮೀ. ವೇಗದಿಂದ ಸುಮಾರು 40 ಮೀಟರಿನಲ್ಲಿ ನಿಲ್ಲುತ್ತದೆ. ಹಾಗಾದರೆ 200ರಿಂದ 80 ಮೀಟರ್ ತಾನೇ ಎಂದವರು ಜಲ್ಲಿಯ ಖಾಯಂ ಗಿರಾಕಿಗಳು. ಬೇಕಾಗುವುದು 160. ವೇಗ ಎರಡರಷ್ಟಾದರೆ ನಿಲ್ಲುವ ದೂರ ನಾಲ್ಕರಷ್ಟಾಗುತ್ತದೆ. ಹೈಸ್ಕೂಲಿನಲ್ಲಿ ಉರು ಹೊಡೆದು ಮರೆತ ಸೂತ್ರ ಸೋಫಾ ಮೇಲೆ ಕೂತಾಗ ಬಂದು ಸಾಲ ಕೇಳುತ್ತದೆ.

ಇನ್ನೊಂದು ತಪ್ಪು ಎಂದರೆ ತಿರುಗುತ್ತಲೇ ಬ್ರೇಕ್ ಹಾಕುವುದು. ಟೈರಿನ ಹಿಡಿತ ತಿಂಗಳ ಸಂಬಳ ಇದ್ದ ಹಾಗೆ, ಬರುವುದು ಇಷ್ಟೇ ಎಂದು ಗೊತ್ತಿದೆ. ಅಷ್ಟನ್ನೂ ಬ್ರೇಕಿಗೇ ಸುರಿದರೆ ತಿರುಗುವುದಕ್ಕೆ ಬಿಡಿಗಾಸು ಉಳಿಯುವುದಿಲ್ಲ. ನೀವು ಸ್ಟೀರಿಂಗ್ ತಿರುಗಿಸುತ್ತೀರಿ, ಮುಂದಿನ ಚಕ್ರವೂ ತಿರುಗುತ್ತದೆ, ಕಾರು ಮಾತ್ರ ನನಗೇನು ಸಂಬಂಧ ಎಂಬಂತೆ ನೇರ ಹೋಗುತ್ತದೆ. ಗೇಮಿನಲ್ಲಿ ಎಬಿಎಸ್ ಮೊದಲಿಂದಲೇ ಆನ್ ಆಗಿರುವುದರಿಂದ ಚಕ್ರ ಜಾಮ್ ಆಗುವುದಿಲ್ಲ ನಿಜ. ಆದರೆ ಎಬಿಎಸ್ ಸಂಬಳವನ್ನು ಹಂಚುತ್ತದೆಯೇ ಹೊರತು ಹೆಚ್ಚಿಸುವುದಿಲ್ಲ. ನೇರ ರಸ್ತೆಯಲ್ಲೇ ಎಲ್2 ಪೂರ್ತಿ ಒತ್ತಿ, ತಿರುವಿಗೆ ಇಳಿಯುತ್ತಿದ್ದಂತೆ ಬೆರಳನ್ನು ನಿಧಾನವಾಗಿ ಸಡಿಲಿಸುತ್ತಾ ಅಷ್ಟಷ್ಟೇ ಸ್ಟೀರಿಂಗ್ ಹೆಚ್ಚಿಸಬೇಕು. ಪ್ಲೇಸ್ಟೇಷನ್ 5ರ ಕಂಟ್ರೋಲರಿನಲ್ಲಿ ಎಲ್2 ಗುಂಡಿಯೇ ಗಡುಸಾಗುತ್ತದೆ, ಎಬಿಎಸ್ ಕೆಲಸ ಶುರುಮಾಡಿದಾಗ ಬೆರಳಿಗೆ ಗುರ್ ಎನ್ನುತ್ತದೆ. ಆ ಗುರ್ ತಿರುವಿನ ಮಧ್ಯದಲ್ಲೂ ಬರುತ್ತಿದ್ದರೆ ನೀವು ಇನ್ನೂ ಸಾಲದಲ್ಲಿದ್ದೀರಿ ಎಂದರ್ಥ.

ಹಾಗಂತ ತಿರುವಿನ ನಡುವೆ ಗಾಬರಿಯಾಗಿ ಎಲ್ಲವನ್ನೂ ಒಟ್ಟಿಗೆ ಬಿಟ್ಟರೂ ಕಷ್ಟವೇ. ಬಿಎಂಟಿಸಿ ಬಸ್ಸಿನಲ್ಲಿ ಡ್ರೈವರು ಬ್ರೇಕ್ ಹಾಕಿದಾಗ ನಿಂತವರೆಲ್ಲ ಮುಂದಿನವರ ಬೆನ್ನಿಗೆ ಆತುಕೊಳ್ಳುವುದಿಲ್ಲವೇ? ಕಾರಿನ ಭಾರವೂ ಹಾಗೇ ಮುಂದಿನ ಚಕ್ರಕ್ಕೆ ಬಂದು ಹಿಂದಿನದು ಹಗುರವಾಗುತ್ತದೆ. ಆಕ್ಸಿಲರೇಟರಿನಿಂದ ಬೆರಳು ಥಟ್ಟನೆ ತೆಗೆದರೂ ಅದೇ ಕಥೆ. ಫಿಟ್‌ನಂಥ ಇಂಜಿನ್ ಮುಂದಿನ ಚಕ್ರಗಳನ್ನು ಓಡಿಸುವ ಕಾರು ಇದನ್ನು ಸಹಿಸಿಕೊಳ್ಳುತ್ತದೆ. ಇಂಜಿನ್ನನ್ನೇ ಡಿಕ್ಕಿಯ ಜಾಗದಲ್ಲಿ ಹೊತ್ತ ಪೋರ್ಷ 911 ಸಹಿಸುವುದಿಲ್ಲ. ಬಾಲ ತಲೆಯನ್ನು ಹಿಂದಿಕ್ಕಿ ಬಂದು, ನೀವು ಬಂದ ದಾರಿಯನ್ನೇ ನಿಮಗೆ ತೋರಿಸುತ್ತದೆ. ಮಳೆ ಬಂದ ಟ್ರ್ಯಾಕಿನಲ್ಲಿ ಇದನ್ನು ಎರಡೆರಡು ಸಲ ತೋರಿಸುತ್ತದೆ.

ಕಲಿಯುವವರಿಗೆಂದು ಗೇಮು ರಸ್ತೆಯ ಮೇಲೊಂದು ಬಣ್ಣದ ಗೆರೆ ಎಳೆದು ಕೊಡುತ್ತದೆ. ಕೆಂಪಾದಲ್ಲಿ ಬ್ರೇಕ್ ಹಾಕಿ ಎಂದು. ಅದು ಗೈಡ್ ನೋಡಿ ಬರೆಯುವ ಪರೀಕ್ಷೆ. ಕಣ್ಣು ಗೆರೆಯ ಮೇಲೇ ಇರುತ್ತದೆ, ರಸ್ತೆ ತಲೆಗೆ ಹೋಗುವುದೇ ಇಲ್ಲ. ನೂರು ಲ್ಯಾಪ್ ಹೊಡೆದವರೂ ಗೆರೆ ತೆಗೆದೊಡನೆ ಊರಿಗೆ ಹೊಸಬರಾಗುತ್ತಾರೆ. ಗೆರೆಯನ್ನು ಮೊದಲ ವಾರವೇ ತೆಗೆದುಬಿಡಿ, ಬ್ರೇಕ್ ಹಾಕುವ ಜಾಗದ ಗುರುತನ್ನಷ್ಟೇ ಉಳಿಸಿಕೊಳ್ಳಿ, ಆಮೇಲೆ ಅದನ್ನೂ ತೆಗೆಯಿರಿ. ಚಕ್ರ ಸುಮ್ಮನೆ ಸುತ್ತದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲಿಗೆ ಸೊನ್ನೆಯಿಂದ ಐದರವರೆಗೆ ಅಂಕಿಗಳಿವೆ. ಮೂರರಲ್ಲಿ ಶುರುಮಾಡಿ ಒಂದಕ್ಕೆ ಇಳಿದರೆ ಸಾಕು. ಸೊನ್ನೆಗಿಟ್ಟು ಮೀಸೆ ತಿರುವುವವರು ಇದ್ದಾರೆ, ಅವರನ್ನು ಹೆಚ್ಚಾಗಿ ಹುಲ್ಲಿನ ಮೇಲೆ ಕಾಣಬಹುದು.

ಗೆರೆ ಇಲ್ಲದೆ ಎಲ್ಲಿ ಬ್ರೇಕ್ ಹಾಕಬೇಕು? ಹಳ್ಳಿಯಲ್ಲಿ ದಾರಿ ಹೇಳಿದ ಹಾಗೆ: ಹುಣಸೆಮರ ದಾಟಿದ ಮೇಲೆ, ಪಾಳುಬಾವಿಗೆ ಮುಂಚೆ. ಇಟಲಿಯ ಮೊಂಝಾ ಟ್ರ್ಯಾಕನ್ನೇ ತೆಗೆದುಕೊಳ್ಳಿ. ಒಂದು ಕಿಲೋಮೀಟರಿಗೂ ಉದ್ದದ ನೇರ ರಸ್ತೆಯಲ್ಲಿ ರೇಸ್ ಕಾರು 250 ದಾಟಿ ಬರುತ್ತದೆ, ಕೊನೆಗೆ ಎರಡನೇ ಗೇರಿಗೆ ಇಳಿಯಬೇಕಾದ ಬಲ-ಎಡ ಸೊಟ್ಟ ತಿರುವು. ಪಕ್ಕದಲ್ಲಿ ದೂರದ ಬೋರ್ಡುಗಳಿವೆ. ಮೊದಲ ಸಲ 200ರ ಬೋರ್ಡಿಗೇ ಒತ್ತಿ, ಸಲೀಸಾಗಿ ತಿರುಗಿದರೆ ಮುಂದಿನ ಸಲ ಹತ್ತು ಮೀಟರ್ ತಡ ಮಾಡಿ. ಒಬ್ಬರೇ ಓಡಿಸುವಾಗ ಇದು ಸುಲಭ. ರೇಸಿನಲ್ಲಿ ಎದುರಿನ ಕಾರು ಆ ಬೋರ್ಡನ್ನೇ ಮುಚ್ಚಿಬಿಡುತ್ತದೆ. ಸಾಲದ್ದಕ್ಕೆ, ಅದರ ಬೆನ್ನ ಹಿಂದೆ ಗಾಳಿಯ ತಡೆ ಕಡಿಮೆಯಾಗಿ ನಿಮ್ಮ ವೇಗ ಎಂದಿಗಿಂತ ಹೆಚ್ಚಿರುತ್ತದೆ, ಕಾರನ್ನು ನೆಲಕ್ಕೆ ಒತ್ತುವ ಗಾಳಿಯೂ ಕಡಿಮೆ. ಎಂದರೆ ಎಂದಿನ ಜಾಗದಲ್ಲೇ ಬ್ರೇಕ್ ಹಾಕಿದವರು ಎದುರಿನವರ ಡಿಕ್ಕಿಯಲ್ಲಿ ಕೂರುತ್ತಾರೆ.

ಇಷ್ಟೆಲ್ಲ ಸರಿಯಾಗಿ ಮಾಡಿಯೂ ತಡವಾಗುತ್ತಿದೆಯೇ? ತಪ್ಪು ಟಿವಿಯದಿರಬಹುದು. ಈಗಿನ ಟಿವಿಗಳು ಬಂದ ಚಿತ್ರವನ್ನು ನೇರ ತೋರಿಸದೆ, ಬಣ್ಣ ಬಳಿದು, ಓಟವನ್ನು ನುಣುಪು ಮಾಡಿ, ಮದುಮಗಳಂತೆ ಸಿಂಗರಿಸಿ ಆಮೇಲೆ ಹೊರಗೆ ಕಳಿಸುತ್ತವೆ. ಅದಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗ ಹೋಯಿತೆನ್ನಿ, 200 ಕಿ.ಮೀ. ವೇಗದಲ್ಲಿ ಅದು ಐದೂವರೆ ಮೀಟರ್, ಒಂದು ಕಾರಿನ ಉದ್ದಕ್ಕಿಂತ ಹೆಚ್ಚು. ಪಿಕ್ಚರ್ ಸೆಟ್ಟಿಂಗಿನಲ್ಲಿ ಗೇಮ್ ಮೋಡ್ ಹಾಕಿದರೆ ಸಿಂಗಾರ ನಿಲ್ಲುತ್ತದೆ. ಜೊತೆಗೆ ಬಣ್ಣವೂ ಸಪ್ಪೆಯಾಗುತ್ತದೆ. ರಾತ್ರಿ ಸೀರಿಯಲ್ಲಿನ ಹೊತ್ತಿಗೆ "ಇದೇನು, ಸೊಸೆಯ ಸೀರೆ ಬಣ್ಣ ಹೋಗಿದೆ" ಎಂದು ಯಾರೋ ಅದನ್ನು ವಿವಿಡ್‌ಗೆ ತಿರುಗಿಸಿರುತ್ತಾರೆ. ಮರುದಿನ ನೀವು ಎಲ್ಲ ತಿರುವಿನಲ್ಲೂ ಐದೂವರೆ ಮೀಟರ್ ತಡ. ಟಿವಿಯಲ್ಲಿ ಒಂದೊಂದು ಎಚ್‌ಡಿಎಂಐ ಕಿಂಡಿಗೂ ಬೇರೆ ಬೇರೆ ಮೋಡ್ ನೆನಪಿಡುವ ಸೌಕರ್ಯವಿದ್ದರೆ, ಕನ್ಸೋಲಿನ ಕಿಂಡಿಗೆ ಮಾತ್ರ ಗೇಮ್ ಮೋಡ್ ಕೊಟ್ಟು ಸಂಸಾರ ಉಳಿಸಿಕೊಳ್ಳಿ.

ಈಗ ನಿಜವಾದ ಗಂಡಾಂತರಕ್ಕೆ ಬರೋಣ: ಕಂಟ್ರೋಲರಿನ ಬದಲು ಗೇಮಿಗೆ ಜೋಡಿಸುವ ಸ್ಟೀರಿಂಗು, ಪೆಡಲು. ಲಾಜಿಟೆಕ್ ಜಿ29 ಎಂಬುದು ಬಹಳ ಜನ ಕೊಳ್ಳುವ ಸೆಟ್ಟು. ಸ್ಟೀರಿಂಗು 900 ಡಿಗ್ರಿ, ಅಂದರೆ ಎರಡೂವರೆ ಸುತ್ತು ತಿರುಗುತ್ತದೆ. ಕಾಲಿಗೆ ಮೂರು ಪೆಡಲು. ಮೇಲಿರುವ ಪುಟ್ಟ ಸ್ವಿಚ್ಚು ಪಿಎಸ್3, ಅಂದರೆ ಹಳೇ ಪ್ಲೇಸ್ಟೇಷನ್ 3ರ ಕಡೆಗಿದ್ದರೆ ಇಂದಿನ ಗೇಮು ಇದನ್ನು ಗುರುತೇ ಹಿಡಿಯುವುದಿಲ್ಲ. ಪಿಎಸ್4 ಕಡೆಗೆ ತಳ್ಳಿ. ಕನ್ಸೋಲ್ ಆನ್ ಮಾಡಿದೊಡನೆ ಸ್ಟೀರಿಂಗು ತನ್ನಷ್ಟಕ್ಕೆ ತಾನೇ ಗರಗರನೆ ಎಡಕ್ಕೂ ಬಲಕ್ಕೂ ತಿರುಗಿ ನಿಲ್ಲುತ್ತದೆ. ಅಳತೆ ತೆಗೆದುಕೊಳ್ಳುವುದು ಅಷ್ಟೇ, ಆದರೆ ಮನೆಯ ಹಿರಿಯರಿಗೆ ಮೊದಲೇ ಹೇಳಿಡುವುದು ಒಳ್ಳೆಯದು.

ಕ್ಲಾಂಪಿನಿಂದ ಅದನ್ನು ಮೇಜಿಗೆ ಬಿಗಿಯಬೇಕು. ಟೀಪಾಯಿಗೆ ಬಿಗಿದರೆ ಮೊಣಕಾಲು ಕೆಳಗೆ ತೂರುವುದಿಲ್ಲ. ಗಾಜಿನ ಡೈನಿಂಗ್ ಟೇಬಲ್ಲಿಗೆ ಬಿಗಿಯುವ ಯೋಚನೆ ಬಂದರೆ ಎದ್ದು ಹೋಗಿ ಒಂದು ಲೋಟ ನೀರು ಕುಡಿಯಿರಿ. ಗಟ್ಟಿ ಮರದ ಮೇಜೇ ಆಗಬೇಕು. ಒಳಗಿನ ಮೋಟಾರು ರಸ್ತೆಯ ಏರುತಗ್ಗನ್ನೆಲ್ಲ ಕೈಗೆ ತಲುಪಿಸುತ್ತದೆ. ಟ್ರ್ಯಾಕಿನ ಅಂಚಿನ ಕೆಂಪು-ಬಿಳಿ ಕಟ್ಟೆ ಹತ್ತಿದರೆ ಮೇಜು ನಡುಗಿ, ಅದೇ ಮೇಜಿನ ಮೇಲಿಟ್ಟ ಕಾಫಿ ಲೋಟ ಅಂಗುಲಂಗುಲ ಅಂಚಿಗೆ ಪ್ರಯಾಣ ಬೆಳೆಸುತ್ತದೆ. ನಡುಕ ಮೇಜಿನ ಕಾಲಿನಿಂದ ಕೆಳಮನೆಯವರ ತಾರಸಿಗೂ ಇಳಿಯುವುದರಿಂದ, ರಾತ್ರಿ ಆಡುವವರು ಕಾಲುಗಳ ಕೆಳಗೆ ದಪ್ಪ ಯೋಗದ ಚಾಪೆ ಹಾಕಿ.

ಪೆಡಲಿನ ಕಥೆಯೇ ಬೇರೆ. ಜಿ29ರ ಬ್ರೇಕಿನೊಳಗೆ ರಬ್ಬರ್ ತುಂಡಿದೆ, ಪೂರ್ತಿ ಒತ್ತಲು ಕಾಲಿನ ಬಲವೆಲ್ಲ ಬೇಕು. ನೀವು ಕೂತಿರುವುದು ಚಕ್ರದ ಆಫೀಸ್ ಕುರ್ಚಿ, ನೆಲ ನುಣುಪಾದ ಟೈಲ್ಸು. ಮೊಂಝಾದಲ್ಲಿ 250ರಿಂದ ಬ್ರೇಕ್ ಒತ್ತುತ್ತೀರಿ. ಪರದೆಯ ಕಾರು ನಿಧಾನವಾಗುವುದಕ್ಕೆ ಮುಂಚೆ ಕುರ್ಚಿ ಹೊರಟಿರುತ್ತದೆ, ಹಿಂದಕ್ಕೆ, ಷೋಕೇಸಿನ ಕಡೆಗೆ. ಕಾಲು ಚಿಕ್ಕದಾಗಿ ಪೆಡಲಿಗೆ ಎಟುಕುವುದಿಲ್ಲ, ಕೈ ಮಾತ್ರ ಸ್ಟೀರಿಂಗ್ ಬಿಟ್ಟಿರುವುದಿಲ್ಲ. ಪ್ಲಾಸ್ಟಿಕ್ ಕುರ್ಚಿಯಾದರೆ ಜಾರದೆ, ಹಿಂಗಾಲು ಬಗ್ಗಿಸಿ ನಿಮ್ಮನ್ನು ಆಕಾಶಕ್ಕೆ ಮುಖ ಮಾಡಿ ಮಲಗಿಸುತ್ತದೆ.

ಮದ್ದುಗಳಿವೆ. ಪೆಡಲಿನ ಹಲಗೆಯನ್ನು ಗೋಡೆಗೆ ಆನಿಸಿಡುವುದು ಒಂದು. ಕುರ್ಚಿಯ ಚಕ್ರಗಳನ್ನು ಹಳೇ ಶೂಗಳಲ್ಲಿ ಇಳಿಸುವುದು ಇನ್ನೊಂದು. ಚಕ್ರ ಐದಾದ್ದರಿಂದ ಎರಡೂವರೆ ಜೊತೆ ಬೇಕು, ಮನೆಯಲ್ಲಿ ಒಬ್ಬರು ಕುಂಟಬೇಕಾಗುತ್ತದೆ. ಎಲ್ಲಕ್ಕಿಂತ ಜಾಣತನದ್ದು ಹಗ್ಗ. ಪೆಡಲಿನ ಹಲಗೆಗೂ ಕುರ್ಚಿಯ ಕಂಬಕ್ಕೂ ಬಿಗಿಯಾಗಿ ಹಗ್ಗ ಕಟ್ಟಿದರೆ, ಕಾಲು ಪೆಡಲನ್ನು ಮುಂದೆ ತಳ್ಳುವ ಬಲವೂ ಕುರ್ಚಿಯನ್ನು ಹಿಂದೆ ತಳ್ಳುವ ಬಲವೂ ಹಗ್ಗದಲ್ಲೇ ಜಗ್ಗಾಡಿ ಅಲ್ಲೇ ತೀರಿಹೋಗುತ್ತವೆ. ಎರಡೂ ಮಿಸುಕುವುದಿಲ್ಲ. ಎಳೆದರೆ ಹಿಗ್ಗುವ ಹಗ್ಗ ಮಾತ್ರ ಬೇಡ. ಹಳೇ ಪಂಚೆಯನ್ನು ಹುರಿಮಾಡಿ ಕಟ್ಟಿದರೂ ನಡೆಯುತ್ತದೆ.

ಇನ್ನು ಕರೆಂಟಿನ ಕಾಟ. ಗೇಮಿನಲ್ಲಿರುವ ಜರ್ಮನಿಯ ನ್ಯೂರ್ಬರ್ಗ್‌ರಿಂಗಿನ ಹಳೇ ಟ್ರ್ಯಾಕು, ನಾರ್ಡ್‌ಷ್ಲೈಫ, 20.832 ಕಿ.ಮೀ. ಕಾಡಿನ ನಡುವೆ 70ಕ್ಕೂ ಹೆಚ್ಚು ತಿರುವು, ಸಾಧಾರಣ ಕಾರಿಗೆ ಒಂದು ಸುತ್ತಿಗೆ ಎಂಟು ನಿಮಿಷದ ಮೇಲೆ. ಫಾರ್ಮುಲಾ ಒನ್ ಚಾಂಪಿಯನ್ ಜಾಕಿ ಸ್ಟೂವರ್ಟ್ ಇದನ್ನು ಹಸಿರು ನರಕ ಎಂದು ಕರೆದರು. ಬೆಸ್ಕಾಮಿನವರು ಲೈನ್ ತೆಗೆಯುವುದು ನೀವು ಈ ನರಕವನ್ನೆಲ್ಲ ದಾಟಿ ಕೊನೆಯ ಉದ್ದನೆ ನೇರ ರಸ್ತೆಗೆ ಬಂದಾಗಲೇ. ಮನೆಯಲ್ಲಿ ಇನ್ವರ್ಟರ್ ಇದ್ದರೂ ಅದು ಮಾಮೂಲಿ ಮೋಡಿನಲ್ಲಿದ್ದರೆ ಬದಲಾಗುವ ಕ್ಷಣದಲ್ಲಿ ಕನ್ಸೋಲ್ ಆರಿಹೋಗಬಹುದು; ಯುಪಿಎಸ್ ಮೋಡಿಗೆ ಹಾಕಿಡಿ. ರೌಟರನ್ನೂ ಅದೇ ಲೈನಿಗೆ ಸೇರಿಸಿ. ಈ ಗೇಮಿನ ಹೆಚ್ಚಿನ ಭಾಗ ನೆಟ್ ಇಲ್ಲದೆ ತೆರೆಯುವುದಿಲ್ಲ.

ಗೇಮಿನಲ್ಲಿ ದಿನಕ್ಕೆ 42.195 ಕಿ.ಮೀ., ಅಂದರೆ ಒಂದು ಮ್ಯಾರಥಾನ್ ದೂರ ಓಡಿಸಿದವರಿಗೆ ಅದೃಷ್ಟದ ಚಕ್ರದ ಚೀಟಿ ಸಿಗುತ್ತದೆ. ಚಕ್ರ ತಿರುಗುವಾಗ ಕಾರಿನ ಹತ್ತಿರ ಬಂದು, ಮುಂದೆ ಸರಿದು, ಅತಿ ಕಡಿಮೆ ದುಡ್ಡಿನ ಮೇಲೆ ನಿಲ್ಲುವುದು ವಾಡಿಕೆ. ಇನ್ನು ಗೇಮಿನ ಕಾರಿಗೂ ಆಯಿಲ್ ಹಳತಾಗಿ ಇಂಜಿನ್ ಶಕ್ತಿ ಇಳಿಯುತ್ತದೆ, ಬದಲಾಯಿಸಬೇಕು. ತೊಳೆಸಲೂಬಹುದು. ಹೊರಗೆ ನಿಂತ ಸ್ಕೂಟರಿನ ಸೀಟಿನ ಮೇಲೆ ಮಕ್ಕಳು ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳಿರುವ ಮನೆಯಲ್ಲೇ ಈ ಕಾರು ವಾರಕ್ಕೆರಡು ಸಲ ಸ್ನಾನ ಮಾಡುತ್ತದೆ.

ಮನೆಯಲ್ಲಿ ಬೈಗುಳ ಬಿದ್ದಾಗ ಹೇಳಲು ಒಂದು ಹೆಸರು ನೆನಪಿಟ್ಟುಕೊಳ್ಳಿ: ಜಾನ್ ಮಾರ್ಡೆನ್‌ಬರೊ. ಇದೇ ಗೇಮ್ ಸರಣಿಯ ಜಿಟಿ ಅಕಾಡೆಮಿ ಸ್ಪರ್ಧೆಯನ್ನು 2011ರಲ್ಲಿ ಗೆದ್ದು, 2013ರಲ್ಲಿ ಫ್ರಾನ್ಸಿನ ಲ ಮಾನ್ಸ್‌ನ 24 ಗಂಟೆಯ ನಿಜವಾದ ರೇಸಿನಲ್ಲಿ ಓಡಿಸಿದವರು. ವಾದ ಎರಡು ನಿಮಿಷ ನಡೆಯುತ್ತದೆ.

ಆನ್‌ಲೈನ್ ರೇಸಿನಲ್ಲಿ ಎರಡು ಅಂಕಗಳಿವೆ, ಒಂದು ಎಷ್ಟು ಜೋರು ಎಂಬುದಕ್ಕೆ, ಇನ್ನೊಂದು ಎಷ್ಟು ಮರ್ಯಾದಸ್ಥರು ಎಂಬುದಕ್ಕೆ. ಮೊದಲ ತಿರುವಿನಲ್ಲಿ ಬ್ರೇಕ್ ಹಾಕದೆ, ಪಕ್ಕದವನ ಬಾಗಿಲಿಗೆ ಒರಗಿ ತಿರುಗುವವರ ಎರಡನೇ ಅಂಕ ಸರ್ರನೆ ಇಳಿದು, ಕೊನೆಗೆ ಅವರು ತಮ್ಮಂಥವರ ನಡುವೆಯೇ ಓಡಿಸುವಂತಾಗುತ್ತದೆ. ಮೊದಲ ಎರಡು ತಿರುವಿನಲ್ಲಿ ಎಂದಿಗಿಂತ 20 ಮೀಟರ್ ಮುಂಚೆ ಬ್ರೇಕ್ ಹಾಕಿ. ಮುಂದಿನವರು ಅವರವರಲ್ಲೇ ಗುದ್ದಾಡಿ ನಿಮಗೆ ನಾಲ್ಕು ಜಾಗ ಬಿಟ್ಟುಕೊಡುತ್ತಾರೆ.

ಇನ್ನೊಂದು ಸಂಗತಿ, ಈ ಆನ್‌ಲೈನ್ ರೇಸಿಗೆ ನಡುವೆ ತಡೆದು ನಿಲ್ಲಿಸುವ ಪಾಜ್ ಗುಂಡಿ ಇಲ್ಲ. ಅದು ಮನೆಯವರಿಗೆ ಗೊತ್ತಿರುವುದಿಲ್ಲ. ಗ್ಯಾಸ್ ಸಿಲಿಂಡರಿನವರು ಬೆಲ್ ಮಾಡುವುದು ಕೊನೆಯ ಲ್ಯಾಪಿನಲ್ಲೇ. ಅಡುಗೆಮನೆಯಿಂದ ಕೂಗು ಬರುತ್ತದೆ: "ಲೋ, ಅದನ್ನ ನಿಲ್ಸಿ ಬಾಗ್ಲು ತೆಗ್ಯೋ!"

"ನಿಲ್ಸಕ್ಕಾಗಲ್ಲಮ್ಮ!"

"ಒಂದು ತಿಂಗಳಿಂದ ಲೈಸೆನ್ಸು, ನಿಲ್ಸೋದು ಕಲೀತಿದೀನಿ ಅಂತಿದ್ಯಲ್ಲೋ. ಇನ್ನೂ ಬಂದಿಲ್ವಾ?"