ಸ್ಪಷ್ಟನೆ: ಅಮೆರಿಕದ ಶಾಲೆಯಲ್ಲಿ ಮಗು ಪ್ರಾರ್ಥಿಸುವುದಕ್ಕೆ ನಿಷೇಧವಿಲ್ಲ

'1962ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಶಾಲೆಯಿಂದ ದೇವರನ್ನೇ ಹೊರಹಾಕಿತು, ಮಕ್ಕಳು ಅಲ್ಲಿ ಪ್ರಾರ್ಥಿಸುವಂತಿಲ್ಲ' ಎಂಬ ಮಾತು ಅಲ್ಲಿನ ಸಂಪ್ರದಾಯನಿಷ್ಠ ಕ್ರೈಸ್ತ ಕುಟುಂಬಗಳಲ್ಲಿ ಹರಿದಾಡುತ್ತಲೇ ಇದೆ. ಇದು ತಪ್ಪು. ಇದನ್ನು ನಂಬಿದ ಪೋಷಕರು ಮಗುವಿಗೆ ಇರುವ ಹಕ್ಕನ್ನೇ ಬಿಟ್ಟುಕೊಡುತ್ತಾರೆ.

1962ರ ಆ ತೀರ್ಪು (ಎಂಗೆಲ್ ವಿರುದ್ಧ ವಿಟಾಲೆ ಪ್ರಕರಣ) ತಡೆದದ್ದು ನ್ಯೂಯಾರ್ಕ್ ಅಧಿಕಾರಿಗಳು ಬರೆದುಕೊಟ್ಟಿದ್ದ 22 ಪದಗಳ ಪ್ರಾರ್ಥನೆಯನ್ನು. 1963ರ ತೀರ್ಪು ಶಾಲೆಯೇ ನಡೆಸುತ್ತಿದ್ದ ಬೈಬಲ್ ಪಠಣವನ್ನು ನಿಲ್ಲಿಸಿತು. ಎರಡೂ ಸರ್ಕಾರಿ ಶಾಲೆಗಳಿಗೆ ಸಂಬಂಧಿಸಿದವು. ಖಾಸಗಿ ಕ್ರೈಸ್ತ ಶಾಲೆಗಳಿಗೆ ಅನ್ವಯಿಸುವುದಿಲ್ಲ.

ಸರ್ಕಾರಿ ಶಾಲೆಯಲ್ಲೂ ಮಗು ಊಟಕ್ಕೆ ಮುಂಚೆ ಕೈಜೋಡಿಸಿ ಪ್ರಾರ್ಥಿಸಬಹುದು, ಬಿಡುವಿನಲ್ಲಿ ಬೈಬಲ್ ಓದಬಹುದು, ವಿಷಯಕ್ಕೆ ಹೊಂದುವಂತಿದ್ದರೆ ಪ್ರಬಂಧದಲ್ಲಿ ತನ್ನ ನಂಬಿಕೆಯ ಬಗ್ಗೆ ಬರೆಯಬಹುದು. ಪಾಠದ ನಡುವೆ ಗಟ್ಟಿಯಾಗಿ ಪ್ರಾರ್ಥಿಸಿದರೆ ಮಾತ್ರ ಶಿಕ್ಷಕರು ತಡೆಯಬಹುದು, ಬೇರೆ ಮಾತನ್ನು ತಡೆಯುವಂತೆಯೇ.

ಎಡವಟ್ಟಾಗುವುದು ಹೆಚ್ಚಾಗಿ ಬೈಬಲ್ ಕ್ಲಬ್ಬಿನಲ್ಲಿ, ಅಂದರೆ ಶಾಲೆಯಲ್ಲಿ ಸೇರಿ ಬೈಬಲ್ ಓದುವ ವಿದ್ಯಾರ್ಥಿಗಳ ಗುಂಪಿನಲ್ಲಿ. 1984ರ ಸಮಾನ ಪ್ರವೇಶ ಕಾಯ್ದೆಯಂತೆ, ಪಠ್ಯಕ್ಕೆ ಸಂಬಂಧವಿಲ್ಲದ ಒಂದೇ ಒಂದು ಕ್ಲಬ್ಬಿಗೆ, ಉದಾಹರಣೆಗೆ ಚೆಸ್‌ಗೆ, ಜಾಗ ಕೊಟ್ಟ ಸರ್ಕಾರಿ ಪ್ರೌಢಶಾಲೆ ಬೈಬಲ್ ಕ್ಲಬ್ಬಿಗೂ ಕೊಡಬೇಕು. ಆದರೆ ಅದನ್ನು ವಿದ್ಯಾರ್ಥಿಗಳೇ ಶುರುಮಾಡಿ ನಡೆಸಬೇಕು, ಸಭೆ ತರಗತಿಯ ಸಮಯದ ಹೊರಗಿರಬೇಕು. ತಂದೆತಾಯಿಯೋ ಪಾಸ್ಟರೋ ವಾರವಾರ ಬಂದು ಮುಂದಾಳಾದರೆ ಕಾಯ್ದೆಯ ರಕ್ಷಣೆ ಸಿಗದು.

ಪೋಷಕರ ಲಿಖಿತ ಒಪ್ಪಿಗೆಯಿದ್ದರೆ ಶಾಲಾ ವೇಳೆಯಲ್ಲೇ ಮಗುವನ್ನು ಆವರಣದ ಹೊರಗೆ ಧರ್ಮಬೋಧನೆಗೆ ಕಳಿಸುವ ವ್ಯವಸ್ಥೆಯನ್ನು ಅದೇ ಸುಪ್ರೀಂ ಕೋರ್ಟ್ 1952ರಲ್ಲೇ ಒಪ್ಪಿದೆ. ಈ ಸೌಲಭ್ಯದ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ; ಮೊದಲು ಶಾಲಾ ಜಿಲ್ಲೆಯ (ಅಲ್ಲಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತದ) ಕಚೇರಿಯಲ್ಲಿ ಲಿಖಿತವಾಗಿ ಕೇಳಿ.