ವೇಳಾಪಟ್ಟಿ ಬದಲಾಗಲಿ, ಮಗುವಿನ ಪುಟ ಉಳಿಯಲಿ

ಶಾಲಾ ವರ್ಷ ಶುರುವಾಗುವಾಗ ಎಲ್ಲರೂ ಕೇಳುವುದು ಒಂದೇ: ವೇಳಾಪಟ್ಟಿ ರೆಡಿಯಾ? ನನ್ನ ಪ್ರಕಾರ ಇದು ಎರಡನೇ ಪ್ರಶ್ನೆ. ಯಾವ ಮಗು ಎಲ್ಲಿಗೆ ಬಂದು ನಿಂತಿದೆ ಅನ್ನುವುದು ಬರೆದಿಟ್ಟಿದೆಯಾ? ಇದು ಮೊದಲನೆಯದು.

ನಾನು ಪುಣೆಯಲ್ಲಿ ಪ್ರತಿಭಾವಂತ ಮಕ್ಕಳಿಗೆ ಪಾಠ ಮಾಡುತ್ತೇನೆ. ಬೇರೆ ಬೇರೆ ತರಗತಿಗಳಿಂದ ಕೆಲವು ಮಕ್ಕಳನ್ನು ವಾರದಲ್ಲಿ ಒಂದಿಷ್ಟು ಪಿರಿಯಡ್ ಹೊರಗೆ ಕರೆದು ಕೂರಿಸಿಕೊಳ್ಳುವ ಕೆಲಸ. ಇಲ್ಲಿ ಜೂನ್‌ನಲ್ಲಿ ಹಾಕಿದ ವೇಳಾಪಟ್ಟಿ ಹಾಗೇ ಉಳಿದ ವರ್ಷವನ್ನು ನಾನು ನೋಡಿಲ್ಲ. ಶಾಲೆ ಶುರುವಾಗಿ ಮಕ್ಕಳು ಬೆಂಚಿಗೆ ಹೊಂದಿಕೊಳ್ಳುವಷ್ಟರಲ್ಲಿ ಆಳಂದಿಯಿಂದ, ದೇಹುವಿನಿಂದ ಪಂಢರಪುರಕ್ಕೆ ಹೊರಟ ಪಾಲಖಿ, ಅಂದರೆ ಸಂತರ ಪಲ್ಲಕ್ಕಿ ಮೆರವಣಿಗೆ ಬರುತ್ತದೆ, ರಸ್ತೆ ಬಂದ್. ಆಮೇಲೆ ಮಳೆ. 2024ರ ಜುಲೈ 25ರಂದು ಖಡಕ್‌ವಾಸ್ಲಾ ಅಣೆಕಟ್ಟಿನಿಂದ ನೀರು ಬಿಟ್ಟು ಸಿಂಹಗಡ ರಸ್ತೆಯ ಕಡೆ ಮನೆಗಳಿಗೇ ನೀರು ನುಗ್ಗಿದ್ದು ನೆನಪಿದೆಯಲ್ಲ, ಅವತ್ತು ಶಾಲೆಗಳಿಗೆ ರಜೆ ಕೊಟ್ಟರು. ನಂತರ ಗಣಪತಿ, ದೀಪಾವಳಿ, ಗ್ಯಾದರಿಂಗ್ (ಶಾಲಾ ವಾರ್ಷಿಕೋತ್ಸವ), ಸ್ಕಾಲರ್‌ಶಿಪ್ ಪರೀಕ್ಷೆಯ ಗಡಿಬಿಡಿ. 2025ರಲ್ಲಂತೂ ಒಂದನೇ ತರಗತಿಯಿಂದಲೇ ಹಿಂದಿ ಎಂದು ಏಪ್ರಿಲ್ 16ಕ್ಕೆ ಮಹಾರಾಷ್ಟ್ರ ಸರ್ಕಾರದ ಆದೇಶ ಬಂತು, ಜೂನ್ 29ಕ್ಕೆ ವಾಪಸ್ ಆಯಿತು. ಇದರ ಮೇಲೆ ಚುನಾವಣೆ, ಜನಗಣತಿ ಬಂದರೆ ಶಿಕ್ಷಕರನ್ನು ಕರೆಯಲು 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್‌ನಲ್ಲೇ ಅವಕಾಶ ಇದೆ.

ಪಿರಿಯಡ್ ಕಡಿಮೆ ಬಿದ್ದಾಗ ಮೊದಲು ಹೋಗುವುದು ನಮ್ಮದು. ಗಣಿತದ ಪೋರ್ಷನ್ ಮುಗಿದಿಲ್ಲ, ನಿಮ್ಮ ಪಿರಿಯಡ್ ಕೊಡಿ ಅನ್ನುತ್ತಾರೆ. 'ಅವರು ಹೇಗಿದ್ದರೂ ಜಾಣರು, ಕಲೀತಾರೆ ಬಿಡಿ' ಅನ್ನುವ ಮಾತು ಎಷ್ಟು ಸಲ ಕೇಳಿದ್ದೇನೋ. ಈ ಮಾತು ನನಗೆ ಒಪ್ಪಿಗೆಯಿಲ್ಲ. ಅಮೆರಿಕದ ಶಿಕ್ಷಣ ಮನೋವಿಜ್ಞಾನಿ ಜೋಸೆಫ್ ರೆಂಜುಲಿ 1978ರಲ್ಲೇ ಹೇಳಿದ್ದರು: ಪ್ರತಿಭೆ ಅಂದರೆ ಬರೀ ಸರಾಸರಿಗಿಂತ ಹೆಚ್ಚಿನ ಸಾಮರ್ಥ್ಯ ಅಲ್ಲ, ಅದರ ಜೊತೆ ಸೃಜನಶೀಲತೆ ಬೇಕು, ಹಿಡಿದ ಕೆಲಸ ಬಿಡದ ಹಠವೂ ಬೇಕು. ಆ ಹಠ ಇದೆಯಲ್ಲ, ಅದೇ ಮೊದಲು ಸೊರಗುವುದು. ಪದೇ ಪದೇ ಅರ್ಧಕ್ಕೆ ನಿಂತರೆ ಎಂಥ ಚುರುಕು ಮಗುವೂ ಕೇಳುವುದನ್ನೇ ಬಿಟ್ಟುಬಿಡುತ್ತದೆ.

ಅದಕ್ಕೇ ನನ್ನ ಪುಸ್ತಕ ದಿನಾಂಕದ ಲೆಕ್ಕದಲ್ಲಿ ಇಲ್ಲ, ಮಗುವಿನ ಲೆಕ್ಕದಲ್ಲಿದೆ. ಒಬ್ಬರಿಗೆ ಒಂದು ಪುಟ. ಈ ಮಗುವಿಗೆ ಆಗಲೇ ಏನು ಗೊತ್ತು, ಈಗ ಏನು ಕೇಳುತ್ತಿದೆ, ಎಲ್ಲಿ ನಿಲ್ಲಿಸಿದೆವು, ಮುಂದೆ ಏನು. ಇಷ್ಟೇ. ಇದರಲ್ಲಿ ಪ್ರಾಣ ಇರುವುದು 'ಎಲ್ಲಿ ನಿಲ್ಲಿಸಿದೆವು' ಅನ್ನುವ ಸಾಲಿನಲ್ಲಿ. ಅದನ್ನು ಮಗುವೇ ಬರೆಯಬೇಕು, ತನ್ನ ಮಾತಿನಲ್ಲೇ, ಗಂಟೆ ಹೊಡೆಯುವ ಮುಂಚೆ.

ಒಂದು ಉದಾಹರಣೆ ಕೊಡುತ್ತೇನೆ. ದೇವಳಾಲಿಯಲ್ಲಿ ಶಾಲಾ ಮೇಷ್ಟರಾಗಿದ್ದ ದ. ರಾ. ಕಾಪ್ರೇಕರ್ ಗೊತ್ತಲ್ವಾ? ನಮ್ಮ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದವರು. 1949ರಲ್ಲಿ ಅವರು 6174ರ ಗುಟ್ಟು ಕಂಡುಹಿಡಿದರು. ಯಾವುದಾದರೂ ನಾಲ್ಕಂಕಿಯ ಸಂಖ್ಯೆ ತಗೊಳ್ಳಿ, ನಾಲ್ಕೂ ಅಂಕಿ ಒಂದೇ ಇರಬಾರದು ಅಷ್ಟೇ. ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ಒಂದು ಸಂಖ್ಯೆ, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ಇನ್ನೊಂದು; ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ. ಬಂದ ಉತ್ತರಕ್ಕೂ ಹಾಗೇ ಮಾಡುತ್ತಾ ಹೋದರೆ (ಉತ್ತರ ಮೂರಂಕಿಯದಾದರೆ ಮುಂದೆ ಒಂದು ಸೊನ್ನೆ ಸೇರಿಸಿ) ಏಳು ಹೆಜ್ಜೆಯೊಳಗೆ 6174 ಬಂದೇ ಬರುತ್ತದೆ. ಆರನೇ ತರಗತಿಯ ಒಬ್ಬ ಹುಡುಗ ಇದನ್ನು ಮಾಡಿ ಮುಗಿಸಿ, ಐದಂಕಿಯಲ್ಲಿ ಏನಾಗುತ್ತೆ ಅಂತ ಹೊರಟ. ಅಷ್ಟರಲ್ಲಿ ಗಣಪತಿ ಬಂತು, ಆಮೇಲೆ ಪರೀಕ್ಷೆ, ನಮ್ಮ ಪಿರಿಯಡ್ ಸಾಲಾಗಿ ರದ್ದು. ಅವನ ಪುಟದಲ್ಲಿ ಅವನೇ ಬರೆದ ಸಾಲು ಇತ್ತು: '53955, 59994, ಮತ್ತೆ 53955! ಒಂದು ಕಡೆ ನಿಲ್ತಾ ಇಲ್ಲ, ಸುತ್ತು ಹೊಡೀತಾ ಇದೆ. ಎಲ್ಲಾ ಐದಂಕಿನೂ ಹೀಗೇನಾ?' ತಿರುಗಿ ಕೂತಾಗ ನಾನೇನೂ ಹೇಳಬೇಕಾಗಲಿಲ್ಲ. ಸಾಲು ಓದಿದ, ಪೆನ್ಸಿಲ್ ತಗೊಂಡ. ಆ ಪಿರಿಯಡ್ ಮುಗಿಯುವಷ್ಟರಲ್ಲಿ 61974, 82962, 75933, 63954 ಅನ್ನುವ ಇನ್ನೊಂದು ಸುತ್ತು ಸಿಕ್ಕಿತ್ತು. ಮೂರನೆಯದೂ ಒಂದಿದೆ. ಅದನ್ನು ನಾನು ಹೇಳಲಿಲ್ಲ, ಅವನ ಪಾಲಿಗೆ ಬಿಟ್ಟೆ.

'ಆಗಲೇ ಏನು ಗೊತ್ತು' ಅನ್ನುವ ಸಾಲೂ ತುಂಬಾ ಕೆಲಸಕ್ಕೆ ಬರುತ್ತದೆ. ಪಾಠ ಶುರುವಾಗುವ ಮೊದಲೇ ಚಿಕ್ಕ ಪರೀಕ್ಷೆ ಕೊಟ್ಟು, ಗೊತ್ತಿರುವುದನ್ನು ಬಿಟ್ಟು ಮುಂದೆ ಹೋಗುವ ಪದ್ಧತಿಗೂ ರೆಂಜುಲಿಯವರೇ ದಾರಿ ಹಾಕಿಕೊಟ್ಟವರು. ದಿನಗಳು ಕಡಿಮೆ ಆದಷ್ಟೂ ಇದರ ಬೆಲೆ ಜಾಸ್ತಿ.

ಈಗ ನನಗೆ ತೀರಾ ಹತ್ತಿರದ ವಿಷಯ. ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಇಲ್ಲಿಗೆ ಬರುವ ಮನೆಗಳ ಮಕ್ಕಳಿದ್ದಾರೆ. ಸೈಟ್ ಮುಗಿದರೆ ಶಾಲೆ ಬದಲು. ಊರ ಜಾತ್ರೆಗೆ ಹೋದವರು ವಾಪಸ್ ಬರುವುದು ಯಾವಾಗಲೋ. ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಪರೀಕ್ಷೆ ಕೊಟ್ಟರೆ ಇವರ ಚುರುಕು ಕಾಣುವುದೇ ಇಲ್ಲ. ಕನ್ನಡದಲ್ಲಿ ಕೇಳಿ ನೋಡಿ. ಇಟ್ಟಿಗೆ ಲೆಕ್ಕ, ಕೂಲಿ ಲೆಕ್ಕ, ಅಪ್ಪನ ಮುಂಗಡದ ಲೆಕ್ಕ ಎಲ್ಲಾ ಬಾಯಲ್ಲೇ ಹೇಳುತ್ತಾರೆ. ಪುಟ ಯಾರಿಗಾದರೂ ಬೇಕೇ ಬೇಕು ಅಂದರೆ ಈ ಮಕ್ಕಳಿಗೆ. ಟಿಸಿ ಜೊತೆ ಅಂಕಪಟ್ಟಿ ಹೋಗುತ್ತದೆ. ಮಗು ಏನು ಕೇಳುತ್ತಿತ್ತು ಅನ್ನುವುದು ಹೋಗುವುದಿಲ್ಲ.

ಪ್ರತಿಭಾವಂತ ಮಕ್ಕಳ ಶಿಕ್ಷಣ ಈ ಊರಿಗೆ ಹೊಸ ವಿಷಯವೂ ಅಲ್ಲ. ಅಪ್ಪಾ ಪೆಂಡಸೆ 1962ರಲ್ಲಿ ಇಲ್ಲಿ ಇಂಥ ಮಕ್ಕಳಿಗಾಗಿಯೇ ಜ್ಞಾನ ಪ್ರಬೋಧಿನಿ ಎಂಬ ಸಂಸ್ಥೆ ಕಟ್ಟಿದರು, 1969ರಲ್ಲಿ ಅದರ ಶಾಲೆಯೂ ಶುರುವಾಯಿತು. ಖಗೋಳ ವಿಜ್ಞಾನದ ಸಂಶೋಧನಾ ಕೇಂದ್ರವಾದ ಐಯುಕಾದಲ್ಲಿ ಶಾಲಾ ಮಕ್ಕಳಿಗೆ ಎರಡನೇ ಶನಿವಾರದ ಉಪನ್ಯಾಸಗಳಿವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೂಡ ವಿಶೇಷ ಪ್ರತಿಭೆಯ ಮಕ್ಕಳನ್ನು ಗುರುತಿಸಿ ಬೆಳೆಸಿ ಅನ್ನುತ್ತದೆ. ಅದು ತರಗತಿಯಲ್ಲಿ ಆಗಬೇಕಾದರೆ ಮುಖ್ಯೋಪಾಧ್ಯಾಯರು ಒಂದು ಮನಸ್ಸು ಮಾಡಬೇಕು. ಪಿರಿಯಡ್ ತೆಗೆಯಲೇಬೇಕಾಗಿ ಬಂದರೆ ಒಂದು ದಿನ ಮುಂಚೆ ತಿಳಿಸಿ. ಆ ಸಾಲು ಬರೆಸಿಕೊಳ್ಳುವಷ್ಟು ಸಮಯ ನಮಗೆ ಸಾಕು.

ಪುಣೆ, ಪಿಂಪ್ರಿ ಚಿಂಚವಾಡ ಕಡೆ ಪಾಠ ಮಾಡುವ ಕನ್ನಡದ ಶಿಕ್ಷಕರು ಯಾರೇ ಇರಲಿ, ಖಾಲಿ ಪುಟದ ಮಾದರಿ ಬೇಕಿದ್ದರೆ ಕೇಳಿ, ಕಳಿಸುತ್ತೇನೆ. ನನ್ನ ಶಾಲೆಯಿಂದ ಯಾವ ಮಗು ನಿಮ್ಮಲ್ಲಿಗೆ ಬಂದರೂ ಅದರ ಪುಟವನ್ನು ಅಪ್ಪ ಅಮ್ಮನ ಕೈಯಲ್ಲೇ ಕೊಟ್ಟಿರುತ್ತೇನೆ. ದಯವಿಟ್ಟು ಕೇಳಿ ಪಡೆಯಿರಿ.