ಎಪ್ಪತ್ತೆರಡನೇ ಕಾಲಂ ಆಚೆ

ಹವಾಮಾನದ ಹಳೇ ಫೋರ್ಟ್ರಾನ್ ಕೋಡ್ ಬಿಲ್ಡ್ ಮಾಡುವಾಗ ನನಗೆ ತುಂಬಾ ಸಿಟ್ಟು ಬರುವುದು ಪ್ರಿಪ್ರೊಸೆಸರ್ ಮೇಲೆ, ಅಂದರೆ ಕಂಪೈಲ್ ಆಗುವ ಮೊದಲೇ ಕೋಡಿನ ಸಾಲುಗಳನ್ನು ತಿದ್ದಿ ಕೊಡುವ ಪ್ರೋಗ್ರಾಂ ಮೇಲೆ. ಫೈಲಿನ ಹೆಸರಿನ ಕೊನೆಯಲ್ಲಿ ಸಣ್ಣ ಎಫ್ (.f) ಇದ್ದರೆ ಜಿಫೋರ್ಟ್ರಾನ್ ಕಂಪೈಲರ್ ಪ್ರಿಪ್ರೊಸೆಸರನ್ನು ಓಡಿಸುವುದಿಲ್ಲ, ದೊಡ್ಡ ಎಫ್ (.F) ಇದ್ದರೆ ಓಡಿಸುತ್ತದೆ. ಇಷ್ಟು ದೊಡ್ಡ ವಿಷಯ ಒಂದು ಅಕ್ಷರದ ಗಾತ್ರದಲ್ಲಿ ಅಡಗಿ ಕೂತಿರಬೇಕಾ?

ಅದಕ್ಕಿಂತ ಕೆಟ್ಟದ್ದು ಫಿಕ್ಸೆಡ್ ಫಾರ್ಮ್ ಅನ್ನುವ ಹಳೇ ಬರವಣಿಗೆ ಕ್ರಮ. ಅಲ್ಲಿ ಸಾಲಿಗೆ 72 ಕಾಲಂ, ಅಂದರೆ 72 ಅಕ್ಷರ ಮಾತ್ರ, ಪಂಚ್ ಕಾರ್ಡ್ ಕಾಲದ ನಿಯಮ. ನಾವು ಬರೆದ ಸಾಲು ಸರಿಯಾಗೇ ಇರುತ್ತದೆ. ಪ್ರಿಪ್ರೊಸೆಸರ್ ಅದರೊಳಗಿನ ಮ್ಯಾಕ್ರೋವನ್ನು (ಉದ್ದದ ಕೋಡಿಗೆ ಇಟ್ಟ ಚಿಕ್ಕ ಹೆಸರು) ಬಿಡಿಸಿದಾಗ ಆ ಸಾಲು ಉದ್ದವಾಗುತ್ತದೆ, 72 ದಾಟಿದ ಭಾಗವನ್ನು ಕಂಪೈಲರ್ ಬಿಟ್ಟುಬಿಡುತ್ತದೆ. ಆಮೇಲೆ ಮುಚ್ಚುವ ಆವರಣ ಇಲ್ಲ ಅಂತ ದೂರು! ಎಡಿಟರಿನಲ್ಲಿ ನೋಡಿದರೆ ಆವರಣ ಕಣ್ಣೆದುರೇ ಇದೆ. ಬಾಲ ಕತ್ತರಿಸಿ ಬಾಲ ಎಲ್ಲಿ ಅಂತ ಕೇಳಿದ ಹಾಗೆ. ಪ್ರಿಪ್ರೊಸೆಸ್ ಆದ ಫೈಲನ್ನೇ ತೆಗೆದು ನೋಡದಿದ್ದರೆ ಕಾರಣ ಗೊತ್ತಾಗುವುದೇ ಇಲ್ಲ. ಕತ್ತರಿಸಿದ ಸಾಲು ಆಕಸ್ಮಿಕವಾಗಿ ಸರಿಯಾದ ವಾಕ್ಯವೇ ಆಗಿಬಿಟ್ಟರೆ ಎರರ್ ಕೂಡ ಬರದೆ ಹೋಗಬಹುದು, ತಪ್ಪು ಉತ್ತರ ಮಾತ್ರ ಬರುತ್ತದೆ. ನನಗೆ ನಿಜವಾದ ಭಯ ಇದೇ.

ಎರಡು ಓರೆಗೆರೆಯ (//) ಕಥೆಯೂ ಇದೆ. ಫೋರ್ಟ್ರಾನಿನಲ್ಲಿ ಅದು ಪದ ಜೋಡಿಸುವ ಗುರುತು, ಸಿ ಭಾಷೆಯಲ್ಲಿ ಕಾಮೆಂಟ್, ಅಂದರೆ ಕಂಪೈಲರ್ ಲೆಕ್ಕಕ್ಕೆ ತೆಗೆದುಕೊಳ್ಳದ ಟಿಪ್ಪಣಿ. ಬಿಲ್ಡ್ ಹಂತಗಳನ್ನು ಬರೆದಿಡುವ ಮೇಕ್‌ಫೈಲ್, ಸಿ ಪ್ರಿಪ್ರೊಸೆಸರನ್ನು ಈ ಗುರುತನ್ನು ಹಾಗೇ ಬಿಡುವ ಟ್ರೆಡಿಷನಲ್ ಮೋಡ್ ಇಲ್ಲದೆ ಕರೆದರೆ ಅರ್ಧ ಸಾಲು ಮಾಯ.

2020ರಲ್ಲಿ ಜಿಸಿಸಿ 10 (ಜಿಫೋರ್ಟ್ರಾನ್ ಸೇರಿರುವ ಕಂಪೈಲರ್ ಕಟ್ಟು) ಬಂದಮೇಲೆ ಆರ್ಗ್ಯುಮೆಂಟ್ ಟೈಪ್, ಅಂದರೆ ಕಳಿಸುವ ಮೌಲ್ಯದ ಬಗೆ, ಹೊಂದದ ಹಳೇ ಕರೆಗಳೂ ನೇರ ಎರರ್ ಆದವು. ಆ ಬಿಗಿ ಒಳ್ಳೆಯದೇ ಅಂತೀನಿ. ಆದರೆ ಕೋಡ್ ಹಂಚುವವರು ಯಾವ ಕಂಪೈಲರ್, ಯಾವ ವರ್ಷನ್, ಕಂಪೈಲರಿಗೆ ಕೊಡುವ ಯಾವ ಫ್ಲ್ಯಾಗ್ (ಆಯ್ಕೆ) ಅಂತ ಕೋಡ್ ಜೊತೆಗಿನ ರೀಡ್‌ಮೀ ಫೈಲಿನಲ್ಲಿ ಬರೆದಿಡಬಹುದಲ್ವಾ? ಮೂರೇ ಸಾಲು ಸಾಕು.